ವಿಂಡೋಸ್ ಡೆಸ್ಕ್‌ಟಾಪ್ ಆ್ಯಪ್ ಕಟ್ಟಲು ಬಳಸುವ ಡಬ್ಲ್ಯೂಪಿಎಫ್‌ನಲ್ಲಿ ಮೊದಲು ಕಲಿಯಬೇಕಾದ್ದು ಡೇಟಾ ಬೈಂಡಿಂಗೋ, ಕಸ್ಟಮ್ ಕಂಟ್ರೋಲೋ?

ಮೊದಲು ಬೈಂಡಿಂಗ್, ಅಂದರೆ ಪರದೆಯ ಭಾಗವನ್ನು ಕೋಡ್‌ನ ಮಾಹಿತಿಗೆ ಜೋಡಿಸುವುದು. ಅಭ್ಯಾಸಕ್ಕೆ ಒಂದು ಟೆಕ್ಸ್ಟ್‌ಬಾಕ್ಸ್, ಒಂದು ಕ್ಲಾಸ್ ಸಾಕು. ಕ್ಲಾಸಿನ ಆಬ್ಜೆಕ್ಟನ್ನು ಡೇಟಾಕಾಂಟೆಕ್ಸ್ಟ್‌ಗೆ (ಬೈಂಡಿಂಗ್ ಮಾಹಿತಿ ಹುಡುಕುವ ಜಾಗ) ಕೊಟ್ಟು ಪ್ರಾಪರ್ಟಿ ಬೈಂಡ್ ಮಾಡಿ. ಈಗ ಕೋಡ್‌ನಲ್ಲಿ ಪ್ರಾಪರ್ಟಿ ಬದಲಿಸಿದರೂ ಪರದೆ ಸುಮ್ನೆ ಕೂತಿರುತ್ತದೆ, ಅಲ್ವಾ? ಬದಲಾವಣೆಯನ್ನು ಪರದೆಗೆ ತಿಳಿಸುವ ಐನೋಟಿಫೈಪ್ರಾಪರ್ಟಿಚೇಂಜ್ಡ್ ಇಂಟರ್‌ಫೇಸ್ ಯಾಕೆ ಬೇಕು ಅಂತ ಆಗ ತಿಳಿಯುತ್ತದೆ. ಪಟ್ಟಿಗಾದರೆ, ಸೇರಿಸಿದ್ದು ತೆಗೆದದ್ದನ್ನು ತಾನೇ ತಿಳಿಸುವ ಅಬ್ಸರ್ವಬಲ್‌ಕಲೆಕ್ಷನ್ ಬಳಸಿ. ಬೈಂಡಿಂಗ್‌ನಲ್ಲಿ ಹೆಸರು ತಪ್ಪಿದರೂ ಪ್ರೋಗ್ರಾಂ ನಿಲ್ಲುವುದಿಲ್ಲ. ದೂರು ವಿಶುವಲ್ ಸ್ಟುಡಿಯೋದ ಔಟ್‌ಪುಟ್ ವಿಂಡೋದಲ್ಲಿ ಬಂದಿರುತ್ತದೆ, ಅಲ್ಲಿ ಆಗಾಗ ಕಣ್ಣು ಹಾಯಿಸಿ.

ಆಮೇಲೆ ಕಸ್ಟಮ್ ಕಂಟ್ರೋಲ್, ಅಂದರೆ ಬಟನ್‌ನಂಥ ಪರದೆಯ ಭಾಗವನ್ನು ನಾವೇ ಮಾಡುವುದು. ಅದನ್ನು ಬಳಸುವವರು ಬೈಂಡ್ ಮಾಡಬೇಕಾದ ಪ್ರಾಪರ್ಟಿ ಡಿಪೆಂಡೆನ್ಸಿ ಪ್ರಾಪರ್ಟಿಯೇ (ಡಬ್ಲ್ಯೂಪಿಎಫ್‌ನಲ್ಲಿ ನೋಂದಾಯಿಸಿದ ವಿಶೇಷ ಪ್ರಾಪರ್ಟಿ) ಆಗಿರಬೇಕು. ಇರುವ ಕಂಟ್ರೋಲ್‌ಗಳನ್ನು ಸೇರಿಸಿ ಮಾಡುವ ಯೂಸರ್‌ಕಂಟ್ರೋಲ್‌ನ ಡೇಟಾಕಾಂಟೆಕ್ಸ್ಟ್‌ಗೆ ಆ ಕಂಟ್ರೋಲನ್ನೇ ಕೊಡಬೇಡಿ, ಬಳಸುವವರ ಬೈಂಡಿಂಗ್ ಕೆಡುತ್ತದೆ. ಅಂದಹಾಗೆ, ಬರೀ ಬಣ್ಣ, ಆಕಾರ ಬದಲಿಸಲು ಹೊಸ ಕಂಟ್ರೋಲ್ ಬೇಕಿಲ್ಲ. ಇರುವ ಬಟನ್‌ಗೇ ಬೇರೆ ಕಂಟ್ರೋಲ್‌ಟೆಂಪ್ಲೇಟ್ (ಹೊರರೂಪದ ವಿನ್ಯಾಸ) ಕೊಟ್ಟರೆ ಆಯಿತು.