ಸಂಪಾದಕರ ಉತ್ತರ: ಅಪರೂಪವೇನೋ ಸರಿ, ಬೇಕೆನ್ನುವವರು ಎಷ್ಟು ಜನ?

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಅಮೆರಿಕದ ಕೆನ್ನರ್ ಕಂಪನಿ ಮಾರಿದ ಸ್ಟಾರ್ ವಾರ್ಸ್ ಸಿನಿಮಾ ಪಾತ್ರಗಳ ಹಳೆಯ ಬೊಂಬೆಗಳಲ್ಲಿ, ವಿನೈಲ್ (ಪ್ಲಾಸ್ಟಿಕ್ ಹಾಳೆ) ಕೇಪ್ ಹೊದ್ದ ಜಾವಾ ಎಂಬ ಪಾತ್ರದ ಬೊಂಬೆಯೊಂದು, ಅದನ್ನು ಅಂಟಿಸಿ ಮಾರುತ್ತಿದ್ದ ರಟ್ಟಿನ ಕಾರ್ಡ್ ಇಲ್ಲದೆ ಬಿಡಿಯಾಗಿ ಮಾರಾಟಕ್ಕಿದೆ, ‘ತೀರಾ ಅಪರೂಪ’ ಎಂದು ದೊಡ್ಡ ಬೆಲೆ ಹೇಳುತ್ತಿದ್ದಾರೆ, ಕೊಳ್ಳಬಹುದೇ ಎಂಬುದು ಒಂದು. ಅದಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ತಯಾರಾದ, ಬೇಗನೆ ನಿಂತುಹೋದ ಸರಣಿಯ ಬೊಂಬೆ ನಿಮ್ಮಲ್ಲಿದ್ದರೂ ಯಾರೂ ಕೇಳುತ್ತಿಲ್ಲವೇಕೆ ಎಂಬುದು ಇನ್ನೊಂದು.

ಎರಡನೆಯದನ್ನು ಮೊದಲು ಮುಗಿಸೋಣ. ಕಡಿಮೆ ತಯಾರಾದ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಅದೊಂದಿಲ್ಲದೆ ಸೆಟ್ ಪೂರ್ತಿಯಾಗದು ಎಂದು ಪರದಾಡುವವರು ಇರಬೇಕು. ಸ್ಟಾರ್ ವಾರ್ಸ್ ಬೊಂಬೆಗಳನ್ನೇ ನೋಡಿ: 1978ರಲ್ಲಿ ಅಮೆರಿಕದ ಸಿಯರ್ಸ್ ಅಂಗಡಿಗಳ ಮೂಲಕ ಮಾತ್ರ ಮಾರಿದ ಕ್ಯಾಂಟೀನಾ ಸೆಟ್ಟಿನ ನೀಲಿ ಉಡುಪಿನ ಬೊಂಬೆ ಸ್ನ್ಯಾಗಲ್‌ಟೂತ್ ಹುಡುಕಿದರೆ ಸಿಗುತ್ತದೆ, ಆದರೂ ಬೇಡಿಕೆ ತಗ್ಗಿಲ್ಲ. ಕಾರ್ಡಿನ ಮೇಲೆ ಬಂದದ್ದು ಕೆಂಪು ಉಡುಪಿನ ಗಿಡ್ಡ ಸ್ನ್ಯಾಗಲ್‌ಟೂತ್, ಸಂಗ್ರಾಹಕರಿಗೆ ಎರಡೂ ಬೇಕು. 1985ರ ಯಾಕ್ ಫೇಸ್ ಎಂಬ ಬೊಂಬೆ ಕೆನಡಾ, ಯುರೋಪಿನಲ್ಲಿ ಮಾರಾಟವಾದರೂ ಅಮೆರಿಕದ ಅಂಗಡಿಗಳಿಗೆ ಬರಲಿಲ್ಲ. ಸರಣಿಯನ್ನು ಅತಿ ಹೆಚ್ಚು ಮಂದಿ ಕೂಡಿಸುತ್ತಿದ್ದ ದೇಶದಲ್ಲೇ ಸಿಗದಿದ್ದುದು ಅದರ ಬೆಲೆ ಏರಿಸಿತು. ನಿಮ್ಮ ಬೊಂಬೆಯ ಸರಣಿಯನ್ನು ಪೂರ್ತಿ ಮಾಡಲು ಹೊರಟವರೇ ಬೆರಳೆಣಿಕೆಯಷ್ಟು. ಅವರಲ್ಲಿ ಇಬ್ಬರಿಗೆ ಅದು ಸಿಕ್ಕಿಬಿಟ್ಟರೆ ಮೂರನೆಯದಕ್ಕೆ ಗಿರಾಕಿಯೇ ಇರುವುದಿಲ್ಲ.

ಈಗ ಜಾವಾ. 1978ರ ಆರಂಭದ ತಯಾರಿಕೆಯಲ್ಲಿ ಈ ಪುಟ್ಟ ಬೊಂಬೆಗೆ ತೆಳು ವಿನೈಲ್ ಕೇಪ್ ಇತ್ತು, ಬೇಗನೆ ಅದನ್ನು ಬಿಟ್ಟು ಬಟ್ಟೆಯ ನಿಲುವಂಗಿ ತೊಡಿಸಿದರು. ಬೊಂಬೆ ಎರಡರಲ್ಲೂ ಒಂದೇ. ಅಂದರೆ ನೀವು ಹಣ ತೆರುತ್ತಿರುವುದು ಒಂದು ತುಂಡು ವಿನೈಲಿಗೆ, ಮೋಸ ನಡೆಯುವುದೂ ಅಲ್ಲಿಯೇ. ಅದೇ ಸರಣಿಯ ಬೆನ್ ಕೆನೋಬಿ ಎಂಬ ಎತ್ತರದ ಬೊಂಬೆಯ ವಿನೈಲ್ ಕೇಪ್ ಕತ್ತರಿಸಿ ಜಾವಾಕ್ಕೆ ಹಾಕುವುದು ಹಳೆಯ ಕೈಚಳಕ. 10 ಪಟ್ಟು ಹಿಗ್ಗಿಸುವ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಕೇಪಿನ ಅಂಚನ್ನು ಸುತ್ತಲೂ ನೋಡಿ. ಕಾರ್ಖಾನೆಯ ಡೈ (ಕತ್ತರಿಸುವ ಅಚ್ಚು) ಒತ್ತಿ ಕತ್ತರಿಸಿದ ಅಂಚು ಎಲ್ಲೂ ತಡೆಯದೆ ಒಂದೇ ಸಮನೆ ಸಾಗುತ್ತದೆ. ಕತ್ತರಿಯಾದರೆ ತಿರುವಿನಲ್ಲಿ ಸಣ್ಣ ಮೂಲೆಗಳು, ಮೆಟ್ಟಿಲಿನಂಥ ಗುರುತುಗಳು ಉಳಿಯುತ್ತವೆ. ಕೈ ತೂರುವ ರಂಧ್ರಗಳ ಅಂಚನ್ನೂ ಬಿಡಬೇಡಿ. ಬಳಿಕ ಖಚಿತ ಮೂಲದ ಕೇಪೊಂದರ ಪಕ್ಕದಲ್ಲಿಟ್ಟು ಬಣ್ಣ, ದಪ್ಪ, ಉದ್ದ ಹೋಲಿಸಬೇಕು. ಬರೀ ಫೋಟೊ ನೋಡಿ ತೀರ್ಮಾನಿಸುವುದು ಬೇಡ, ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ. ಪೂರ್ತಿ ಹೊಸದಾಗಿ ತಯಾರಿಸಿದ ನಕಲಿ ಕೇಪ್‌ಗಳೂ ಓಡಾಡುತ್ತಿರುವುದರಿಂದ ಅಂಚು ಚೆನ್ನಾಗಿದ್ದ ಮಾತ್ರಕ್ಕೆ ಅಸಲಿ ಎನ್ನಲಾಗದು.

ಬೊಂಬೆಯ ಮೇಲಿನ ಜಿ.ಎಂ.ಎಫ್.ಜಿ.ಐ. 1977 (ಕೆನ್ನರ್ ಸೇರಿದ್ದ ಜನರಲ್ ಮಿಲ್ಸ್ ಫನ್ ಗ್ರೂಪ್ ಇಂಕ್‌ನ ಮೊದಲಕ್ಷರಗಳು) ಎಂಬ ಅಚ್ಚನ್ನು ಮಾರುವವರು ಪುರಾವೆಯೆಂದು ತೋರಿಸುತ್ತಾರೆ. ಅದು ಹಕ್ಕುಸ್ವಾಮ್ಯದ ವರ್ಷ, ತಯಾರಾದ ವರ್ಷವಲ್ಲ. ವರ್ಷಗಳ ನಂತರ ಅಚ್ಚಿನಿಂದ ಹೊರಬಂದ ಬೊಂಬೆಯ ಮೇಲೂ ಅದೇ ಅಂಕಿ ಇರುತ್ತದೆ, ಕೇಪಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಕಾರ್ಡ್ ಸಮೇತ ಸಿಕ್ಕರೆ ಪರೀಕ್ಷೆ ಸ್ವಲ್ಪ ಸುಲಭ. ವಿನೈಲ್ ಜಾವಾ ಬಂದದ್ದು ಹಿಂಬದಿಯಲ್ಲಿ 12 ಬೊಂಬೆಗಳ ಚಿತ್ರವಿರುವ ಕಾರ್ಡಿನಲ್ಲಿ. 20 ಬೊಂಬೆಗಳ ಕಾರ್ಡಿನಲ್ಲಿ ಕಂಡರೆ ಅಲ್ಲಿಗೇ ಬಿಡಿ. ಬೊಂಬೆಯನ್ನು ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ ಗುಳ್ಳೆಯ, ಅಂದರೆ ಬಬಲ್‌ನ, ಅಂಚನ್ನು ಓರೆ ಬೆಳಕಿನಲ್ಲಿ ನೋಡಿ: ಕಾರ್ಖಾನೆಯ ಬಬಲ್ ಕಿತ್ತರೆ ಕಾರ್ಡಿನ ಮುದ್ರಿತ ಪದರವೂ ಕಿತ್ತುಬರುತ್ತದೆ, ಮತ್ತೆ ಅಂಟಿಸಿದ್ದರೆ ಅಂಚಿನಾಚೆ ಹರಿದ ಅಂಟು ಹೊಳೆಯುತ್ತದೆ.

ಬೆಲೆ ನಿರ್ಧರಿಸುವಾಗ ಕೇಳುವ ಬೆಲೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಅದೇ ಸ್ಥಿತಿಯಲ್ಲಿ ಈಚೆಗೆ ನಿಜವಾಗಿ ಮಾರಾಟವಾದ ಐದಾರನ್ನು ಹುಡುಕಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದು, ಉಳಿದವುಗಳ ಹತ್ತಿರಕ್ಕೆ ಬನ್ನಿ. ‘ಅದೇ ಸ್ಥಿತಿ’ ಎಂಬುದೇ ಇಲ್ಲಿ ಮುಖ್ಯ. ಬಿಡಿ ಬೊಂಬೆಗೆ ಕಾರ್ಡ್ ಇರುವುದರ ಬೆಲೆ, ಕೈಯ ಪುಟ್ಟ ಬಂದೂಕಿಲ್ಲದ್ದಕ್ಕೆ ಅದು ಇರುವುದರ ಬೆಲೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಬಂದೂಕನ್ನು ನೀರಿಗೆ ಹಾಕಿ ತೇಲಿದರೆ ಅಸಲಿ, ಮುಳುಗಿದರೆ ನಕಲಿ ಎಂಬ ಪರೀಕ್ಷೆಯನ್ನು ನಾವು ಒಪ್ಪುವುದಿಲ್ಲ. ಅದು ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆಯೇ ಹೊರತು ವಯಸ್ಸನ್ನಲ್ಲ. ನಕಲು ಮಾಡುವವರು ಅದೇ ಪ್ಲಾಸ್ಟಿಕ್ ಬಳಸಬಹುದು.

ಹಳದಿಗಟ್ಟಿದ ಬೊಂಬೆಯನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬೆಳ್ಳಗೆ ಮಾಡಿ ಮಾರುವವರಿದ್ದಾರೆ. ಆ ಬಿಳುಪು ನಿಲ್ಲದೆ ಹಳದಿ ಮರಳಬಹುದು. ‘ಹಳದಿ ತೆಗೆದಿದ್ದೀರಾ, ಬಿಡಿಭಾಗ ಬದಲಿಸಿದ್ದೀರಾ’ ಎಂದು ಬರಹದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ನಿಮ್ಮ ಜಾವಾಕ್ಕೆ ನಮ್ಮ ಸಲಹೆ: ಕೇಪನ್ನು ಬಿಚ್ಚಿ ಹರಡಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು, ಎರಡೂ ಬದಿಯ ಹಗಲು ಬೆಳಕಿನ ಫೋಟೊ ಕೇಳಿ, ಕೇಪ್ ನಕಲಿಯೆಂದು ಗೊತ್ತಾದರೆ ಹಣ ವಾಪಸ್ ಕೊಡುವುದಾಗಿ ಒಪ್ಪಿಸಿ. ಎರಡಕ್ಕೂ ಹಿಂಜರಿದರೆ, ಬಟ್ಟೆಯ ಜಾವಾಕ್ಕೆ ಕೊಡುವಷ್ಟನ್ನೇ ಹೇಳಿ ನೋಡಿ.