ಪ್ರತಿಕ್ರಿಯೆ: ಮಗಳ ತೋಳಿನ ಗುಳ್ಳೆ ತಿಕ್ಕಿದರೆ ಹೋಗುತ್ತದಾ?

ಅಕ್ಕಾರೆ, ಮಗಳ ತೋಳಿನ ಮೇಲೆ ಸಣ್ಣ ಗುಳ್ಳೆ ಎದ್ದು ಚರ್ಮ ಒರಟಾಗಿದೆ, ಎರಡು ತಿಂಗಳು ಕಡಲೆಹಿಟ್ಟು ಹಚ್ಚಿ ತಿಕ್ಕಿದರೂ ಹೋಗಿಲ್ಲ, ಅಂಟುರೋಗವಾ ಎಂದು ಕೇಳಿದ್ದೀರಿ. ನೀವು ಬರೆದದ್ದು ನೋಡಿದರೆ ಕೆರಟೋಸಿಸ್ ಪಿಲಾರಿಸ್ ಎಂಬ ಚರ್ಮದ ತೊಂದರೆ ಅನಿಸುತ್ತದೆ. ನನಗೂ ಹೈಸ್ಕೂಲಿನಿಂದ ಇದೆ. ಅದು ಅಂಟುವುದಿಲ್ಲ, ಅಪಾಯವೂ ಇಲ್ಲ. ಚರ್ಮದಲ್ಲಿರುವ ಕೆರಟಿನ್ ಎಂಬ ಗಟ್ಟಿ ಪ್ರೋಟೀನ್ ಕೂದಲಿನ ಬುಡದಲ್ಲಿ ಬಿರಡೆಯಂತೆ ಕೂರುತ್ತದೆ, ಅಷ್ಟೇ. ಕೊಳೆಯಂತೂ ಅಲ್ಲವೇ ಅಲ್ಲ.

ಹಾಗಾಗಿ ತಿಕ್ಕುವುದನ್ನು ಇವತ್ತೇ ನಿಲ್ಲಿಸಿ. ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ನಾನು ನಾರಿನಿಂದ ತಿಕ್ಕಿ ತಿಕ್ಕಿ ತೋಳು ಕೆಂಪಗೆ ಮಾಡಿಕೊಂಡಿದ್ದೆ. ಗುಳ್ಳೆ ಹಾಗೇ ಉಳಿದವು, ಉರಿ ಮಾತ್ರ ಜಾಸ್ತಿಯಾಯಿತು.

ನಮ್ಮ ಕಡೆ ಡಿಸೆಂಬರ್, ಜನವರಿಯ ಒಣಗಾಳಿಗೆ ಇದು ಹೆಚ್ಚಾಗುತ್ತದೆ. ಹಂಡೆಯ ಸುಡುನೀರು ಬೇಡ. ಉಗುರುಬೆಚ್ಚಗಿನ ನೀರು, 10 ನಿಮಿಷದ ಸ್ನಾನ ಸಾಕು. ಮೈ ಇನ್ನೂ ಹಸಿ ಇರುವಾಗಲೇ ಕ್ರೀಮ್ ಹಚ್ಚಿ. ಮೆಡಿಕಲ್ ಶಾಪಿನಲ್ಲಿ ಶೇ. 10ರ ಯೂರಿಯಾ ಕ್ರೀಮ್ ಕೇಳಿ. ಲ್ಯಾಕ್ಟಿಕ್ ಆಸಿಡ್ ಲೋಷನ್ ಕೂಡ ನಡೆಯುತ್ತದೆ, ಆದರೆ ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ತಿಕ್ಕಿ ಗಾಯವಾಗಿದ್ದರೆ ಮೊದಲು ಅದು ಮಾಯಲಿ, ಇಲ್ಲದಿದ್ದರೆ ವಿಪರೀತ ಉರಿಯುತ್ತದೆ. ಕೊಬ್ಬರಿ ಎಣ್ಣೆ ಚರ್ಮವನ್ನು ಮೆತ್ತಗಿಡುತ್ತದೆ ನಿಜ, ಬಿರಡೆ ಕರಗಿಸುವುದಿಲ್ಲ.

ಫರಕು ಕಾಣಲು ನಾಲ್ಕಾರು ವಾರ ಬೇಕು. ಕ್ರೀಮ್ ಹಚ್ಚುವುದು ಬಿಟ್ಟರೆ ಮತ್ತೆ ಬರುತ್ತದೆ. ಬಹಳ ಜನರಿಗೆ ವಯಸ್ಸಾದಂತೆ ತಾನೇ ಕಡಿಮೆಯಾಗುತ್ತದೆ. ನೋವು, ಕೀವು ಅಥವಾ ಜೋರು ತುರಿಕೆ ಇದ್ದರೆ ಮಾತ್ರ ತಡ ಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ, ಈಗ ಕೆಎಂಸಿಆರ್‌ಐ ಎನ್ನುವ ಕಿಮ್ಸ್‌ನಲ್ಲೂ ಚರ್ಮರೋಗ ವಿಭಾಗವಿದೆ.