ಶಹಾಬಾದ್ ಕಲ್ಲೂ ಗೋಗಿಯ ಯುರೇನಿಯಮ್ಮೂ

ಪ್ರಶ್ನೆ: ನಮ್ಮ ತಾಲ್ಲೂಕಿನ ಗೋಗಿಯಲ್ಲಿ ಸುಣ್ಣದ ಕಲ್ಲಿನೊಳಗೆ ಯುರೇನಿಯಂ ಸಿಕ್ಕಿದೆ ಅಂತಾರೆ. ನಮ್ಮ ಮನೆ ನೆಲಕ್ಕೂ ಅದೇ ಜಾತಿಯ ಶಹಾಬಾದ್ ಕಲ್ಲು ಹಾಸಿದ್ದೇವೆ. ಹೆದರಬೇಕಾ? ಈ ಕಲ್ಲು ಕಲಬುರಗಿ ಕಡೆಯೂ ಇದೆಯಲ್ಲ, ಗೋಗಿಯಲ್ಲೇ ಯಾಕೆ ಸಿಕ್ಕಿತು?
– ಓದುಗರೊಬ್ಬರು, ಶಹಾಪುರ

ಉತ್ತರ: ಆರಾಮಾಗಿ ಚಾಪೆ ಹಾಸಿ ಮಲಗಿ. ಸಾಮಾನ್ಯವಾಗಿ ಸುಣ್ಣದ ಕಲ್ಲಿಗಿಂತ ಗ್ರಾನೈಟಿನಲ್ಲೇ ಯುರೇನಿಯಂ ಜಾಸ್ತಿ, ಅದೂ ಟನ್ನಿಗೆ ನಾಲ್ಕೈದು ಗ್ರಾಂ ಅಷ್ಟೆ. ಅಡುಗೆಮನೆ ಕಟ್ಟೆಯ ಗ್ರಾನೈಟ್ ಬಗ್ಗೆ ನೀವು ಕೇಳಲೇ ಇಲ್ಲ ನೋಡಿ! ಅದಕ್ಕೂ ಹೆದರಬೇಡಿ.

‘ಗೋಗಿಯಲ್ಲೇ ಯಾಕೆ’ ಅಂದಿರಲ್ಲ, ಒಳ್ಳೇ ಪ್ರಶ್ನೆ ಅದು. ನಿಮ್ಮ ಕಡೆ ತಳದಲ್ಲಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಅದು ಬಿರುಕು ಬಿಟ್ಟು ಕುಸಿದ ಕಡೆ ನೀರು ನಿಂತಿತು. ಮೊದಲು ಉರುಟು ಕಲ್ಲು, ಮರಳು ಬಂದು ಕೂತವು. ಆಮೇಲೆ ತಿಳಿನೀರಿನ ಅಡಿಯಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಇಳಿಯಿತು. ನೆಲದ ಮೇಲೆ ಇನ್ನೂ ಒಂದು ಗಿಡ ಹುಟ್ಟಿರದ ಕಾಲ ಅದು. ಹೀಗೆ ಕೆಸರು ತುಂಬಿದ ಆ ತಗ್ಗನ್ನೇ ನಾವು ಭೀಮಾ ಬೇಸಿನ್ ಅನ್ನುವುದು. ನಿಮ್ಮ ನೆಲದ ಹಾಸು ಆ ಕೆಸರಿನ ಒಂದು ಪದರ.

ಕೆಸರು ಕಲ್ಲಾದ ಮೇಲೂ ನೆಲ ಸುಮ್ನೆ ಕೂರಲಿಲ್ಲ. ಗೋಗಿ ಪಕ್ಕದಲ್ಲಿ ಸ್ತರಭಂಗವಾಗಿ, ಅಂದರೆ ನೆಲ ಸೀಳಿ ಎರಡು ಬದಿ ಜಾರಿ, ಗ್ರಾನೈಟೂ ಸುಣ್ಣದ ಕಲ್ಲೂ ಒಂದಕ್ಕೊಂದು ಉಜ್ಜಿಕೊಂಡು ನುಚ್ಚುನೂರಾದವು. ಆ ಸಂದುಗಳಲ್ಲಿ ಬಿಸಿನೀರು ಓಡಾಡಿತು. ಯುರೇನಿಯಮ್ಮಿನ ಸ್ವಭಾವವೇ ಹಾಗೆ: ಆಮ್ಲಜನಕ ಇರುವ ನೀರಿನಲ್ಲಿ ಕರಗಿ ಹರಿಯುತ್ತದೆ, ಅದಿಲ್ಲದ ಜಾಗ ಸಿಕ್ಕರೆ ಕೂತುಬಿಡುತ್ತದೆ. ಗೋಗಿಯ ಸುಣ್ಣದ ಕಲ್ಲಿನಲ್ಲಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇದೆ, ಹಳೆಯ ಜೀವಿಗಳ ಇಂಗಾಲವೂ ಇದೆ. ಆಮ್ಲಜನಕ ಹೀರಲು ಅಷ್ಟು ಸಾಕು.

ಬೋರ್ ಕೊರೆದು ತೆಗೆದ ಇಂಥ ಕಲ್ಲಿನ ದಿಂಡನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಬೂದು ಕಲ್ಲು, ಅದರ ಬಿರುಕುಗಳಲ್ಲಿ ಮಾತ್ರ ಕಪ್ಪು ಗೆರೆ, ಕಾಡಿಗೆ ತೀಡಿದಂತೆ. ಅದೇ ಅದಿರು: ಪಿಚ್‌ಬ್ಲೆಂಡ್, ಕಾಫಿನೈಟ್ ಎಂಬ ಯುರೇನಿಯಂ ಖನಿಜಗಳು. ಒಂದು ಗೇಣು ಆಚೆ, ಬಿರುಕಿಲ್ಲದ ಕಡೆ, ಏನೂ ಇಲ್ಲ. ಕಲಬುರಗಿ ಕಡೆಯ ಗಣಿಗಳಲ್ಲಿ ಹಾಸುಗಲ್ಲು ಒಡೆಯದೆ ಇಡಿಯಾಗಿ ಏಳುತ್ತದೆ ಅಲ್ವಾ? ಅಷ್ಟು ಸಪಾಟಾದ ಕಲ್ಲಿನಲ್ಲಿ ಯುರೇನಿಯಂ ಹುಡುಕಲು ನಾನಂತೂ ಹೋಗುವುದಿಲ್ಲ.

ಗೋಗಿ ಕಡೆ ಹೋದಾಗ ಪದರಗಳನ್ನು ಗಮನಿಸಿ. ದೂರದಲ್ಲಿ ಚಪಾತಿ ಪೇರಿಸಿದಂತೆ ಮಲಗಿರುತ್ತವೆ. ಸ್ತರಭಂಗ ಹತ್ತಿರವಾದಂತೆ ಓರೆಯಾಗಿ, ಕೆಲವು ಕಡೆ ನೆಟ್ಟಗೇ ಎದ್ದು ನಿಂತಿರುತ್ತವೆ.